ಪೂಲ್ ಆಡೋ ನನ್ನ ಕ್ಯೂಗೆ (ಕೋಲಿಗೆ) ಸಾಫ್ಟ್ ಟಿಪ್ (ತುದಿಯ ಮೆತ್ತನೆ ಚರ್ಮ) ಹಾಕಿಸಿದಾಗಿನಿಂದ ಬರೀ ಮಿಸ್‌ಕ್ಯೂ, ಬಾಲ್ ಮೇಲೆ ಟಿಪ್ ಜಾರುತ್ತದೆ. ಮೀಡಿಯಂ ಹಾಕಿಸಲಾ, ಹಾರ್ಡಾ?

ಬ್ಲ್ಯಾಕ್‌ಬಾಲ್_ಬಳ್ಳಾರಿ:
ತಲೆ ಕೆಟ್ಟುಹೋಗಿದೆ. ಹಳೆಯ ಟಿಪ್ ಪೂರ್ತಿ ಸವೆದಿತ್ತು. ಸಾಫ್ಟ್ ಹಾಕಿಸಿದರೆ ಸ್ಪಿನ್ ಜಾಸ್ತಿ ಬರುತ್ತದೆ ಅಂತ ಪಾರ್ಲರ್‌ನಲ್ಲಿ ಎಲ್ಲರೂ ಹೇಳಿದರು, ಹಾಕಿಸಿದೆ. ಈಗ ವೈಟ್‌ನ (ಬಿಳಿ ಬಾಲ್) ಕೆಳಗೆ ಹೊಡೆದು ಸ್ಕ್ರೂ ಮಾಡೋಕೆ (ಅದನ್ನು ಹಿಂದಕ್ಕೆ ಬರಿಸೋಕೆ) ಹೋದರೆ 'ಟಿಕ್' ಅಂತ ಜಾರುತ್ತದೆ. ಸೈಡ್ (ಪಕ್ಕಕ್ಕೆ ಹೊಡೆದು ಸ್ಪಿನ್) ಕೊಟ್ಟರೂ ಅದೇ ಕಥೆ. ನಿನ್ನೆ 8ನೇ ಬಾಲ್ ಪಾಕೆಟ್ ಬಾಯಲ್ಲೇ ಕೂತಿತ್ತು, ಅದೂ ಹೋಯಿತು. ಟಿಪ್ ಜಾರದಿರಲಿ ಅಂತ ಚಾಕ್ ಪ್ರತಿ ಶಾಟ್‌ಗೂ ಹಚ್ಚುತ್ತೇನೆ, ದಯವಿಟ್ಟು ಆ ಪಾಠ ಬೇಡ. ಮೀಡಿಯಂಗೆ ಹೋಗಲಾ, ಸೀದಾ ಹಾರ್ಡ್‌ಗಾ? ಭಾನುವಾರ ಮ್ಯಾಚ್ ಇದೆ, ಬೇಗ ಹೇಳಿ.

ಪವರ್_ಬ್ರೇಕ್_ರಾಯಚೂರು:
ಹಾರ್ಡ್. ಯೋಚನೆನೇ ಬೇಡ ಬ್ರದರ್. ಸಾಫ್ಟ್ ಟಿಪ್ ನಾಲ್ಕು ದಿನಕ್ಕೆ ಒತ್ತಿಹೋಗಿ ಅಣಬೆ ಥರ ಅಂಚು ಹೊರಗೆ ಬರುತ್ತದೆ. ಹಾರ್ಡ್ ಹಾಕಿದರೆ ಆಕಾರ ಹಾಗೇ ನಿಲ್ಲುತ್ತದೆ, ಹೊಡೆದಷ್ಟು ಸ್ಪೀಡೂ ಸಿಗುತ್ತದೆ.

ಮಾರ್ಕರ್_ಮಾಮ_ಕೊಪ್ಪಳ:
ಸ್ವಲ್ಪ ತಡೀರಿ. ಯಾವ ಕ್ಯೂ? ಟಿಪ್ ಎಷ್ಟು ಎಂಎಂ? ಲೇಯರ್ಡಾ (ಪದರ ಪದರದ್ದಾ), ಸಿಂಗಲ್ ಪೀಸಾ? ಹಾಕಿದ ಮೇಲೆ ಶೇಪ್ ಮಾಡಿದ್ದು ಯಾರು? ಇದೇನೂ ಹೇಳದೆ ಬರೀ ಸಾಫ್ಟು ಹಾರ್ಡು ಅಂದರೆ ಏನಂತ ಹೇಳೋದು.

ಬ್ಲ್ಯಾಕ್‌ಬಾಲ್_ಬಳ್ಳಾರಿ:
ಮಾಮೂಲಿ ಕ್ಯೂನೇ ಮಾಮ. ಟಿಪ್ ನೀಲಿ ಬಣ್ಣದ್ದು. ಅಂಗಡಿಯವನೇ ಅಂಟಿಸಿ, ಉಜ್ಜಿ ಕೊಟ್ಟ.

ಕಾರ್ಬನ್_ಬಾಸ್:
ನಾನು ಕಾರ್ಬನ್ ಶಾಫ್ಟ್‌ಗೆ (ಕ್ಯೂನ ಮುಂದಿನ ಭಾಗ) ಬದಲಾಯಿಸಿದೆ, 12.4 ಎಂಎಂ. ಮೇಲೆ ಕಮುಯಿ ಕಂಪನಿಯ ಮೀಡಿಯಂ ಟಿಪ್. ಬೇಸಿಗೆಯಲ್ಲಿ ಬೈಕ್ ಮೇಲೆ ಒಯ್ದರೂ ಒಂದು ಎಳೆ ಬಾಗಿಲ್ಲ. ಬ್ರೇಕ್‌ಗೆ (ಆಟದ ಮೊದಲ ಹೊಡೆತ) ಬೇರೆ ಕ್ಯೂ, ಅದಕ್ಕೆ ಫಿನಾಲಿಕ್ (ಗಟ್ಟಿ ಪ್ಲಾಸ್ಟಿಕ್) ಟಿಪ್. ಕೇಸ್ ಕೂಡ ಹೊಸದು, ಬೇಕಾದರೆ ಫೋಟೋ ಹಾಕುತ್ತೇನೆ.

ಪವರ್_ಬ್ರೇಕ್_ರಾಯಚೂರು:
ನೋಡಿ, ಬ್ರೇಕ್ ಕ್ಯೂಗೆ ಎಲ್ಲರೂ ಗಟ್ಟಿ ಟಿಪ್ಪೇ ಹಾಕೋದು. ನಾನು ಹೇಳಿದ್ದೂ ಅದೇ ಅಲ್ವಾ.

ಲೆಕ್ಕದ_ಮೇಷ್ಟ್ರು:
ಬ್ರೇಕ್ ಬೇರೆ, ಆಟ ಬೇರೆ ಸ್ವಾಮಿ. ಗಟ್ಟಿ ಟಿಪ್ ಕಡಿಮೆ ಅದುಮುತ್ತದೆ, ಶಕ್ತಿ ಕಮ್ಮಿ ವ್ಯರ್ಥವಾಗುತ್ತದೆ. ಅದೇ ಕೈವೇಗಕ್ಕೆ ವೈಟ್ ಸ್ವಲ್ಪ ಜೋರಾಗಿ ಹೋಗುತ್ತದೆ. ಬ್ರೇಕ್‌ಗೆ ಬೇಕಾದ್ದು ಅಷ್ಟೇ. ಇನ್ನು ಸಾಫ್ಟ್ ಹಾಕಿದರೆ ಸ್ಪಿನ್ ಹೆಚ್ಚು ಅನ್ನೋದು ಪಾರ್ಲರ್ ಪುರಾಣ. ಸ್ಪಿನ್ ಎಷ್ಟು ಅನ್ನೋದು ವೈಟ್‌ನ ನಡುವಿನಿಂದ ಎಷ್ಟು ದೂರ ಹೊಡೆದಿರಿ ಅನ್ನೋದರ ಮೇಲೆ. ಟಿಪ್ ಬಾಲಿಗೆ ತಾಗಿರೋದೇ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಸಾಫ್ಟ್ ಆದರೆ ಒಂಚೂರು ಜಾಸ್ತಿ. ಅಷ್ಟರಲ್ಲಿ ಅದು ಬಾಲನ್ನು ಹಿಡಿದುಕೊಂಡು ತಿರುಗಿಸುವುದಿಲ್ಲ.

ಸಾಫ್ಟ್_ಟಚ್:
ಮೇಷ್ಟ್ರೇ, ಲೆಕ್ಕ ಬಿಡಿ, ಕೈಗೆ ಗೊತ್ತಾಗುತ್ತದೆ. ಎಲ್ಕ್ ಮಾಸ್ಟರ್ ಸಾಫ್ಟ್ ಟಿಪ್ ಹಾಕಿ ಆಡಿದವರಿಗೆ ಹಾರ್ಡ್ ಹಾಕಿದರೆ ಕಲ್ಲಿಗೆ ಹೊಡೆದ ಹಾಗೆ ಅನಿಸುತ್ತದೆ.

ಲೆಕ್ಕದ_ಮೇಷ್ಟ್ರು:
ಕೈಗೆ ಹಿತ ಅನಿಸೋದು ಬೇರೆ, ಸ್ಪಿನ್ ಬೇರೆ. ಹಿತ ಅನಿಸಿದ್ದನ್ನೇ ಹಾಕಿಸಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಕಾರಣ ಮಾತ್ರ ತಪ್ಪು ಹೇಳಬೇಡಿ. ಇನ್ನೊಂದು: ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಹಾರ್ಡ್‌ಗೆ ಸಮ ಇರಬಹುದು. ಎಲ್ಲರಿಗೂ ಒಂದೇ ಅಳತೆಗೋಲು ಅಂತ ಇಲ್ಲ.

ಚಾಕ್_ಪುಡಿ:
ಪ್ರತಿ ಶಾಟ್‌ಗೂ ಚಾಕ್ ಅಂದಿರಿ. ಹಚ್ಚೋದು ಹೇಗೆ? ನಮ್ಮಲ್ಲಿ ಅರ್ಧ ಜನ ಚಾಕ್ ತುಂಡಿಗೆ ಗುಂಡಿ ತೋಡಿಬಿಟ್ಟಿರುತ್ತಾರೆ. ಅದರೊಳಗೆ ಕ್ಯೂ ತಿರುಗಿಸಿದರೆ ಫೆರುಲ್ (ಟಿಪ್ ಕೆಳಗಿನ ಬಳೆ) ನೀಲಿ ಆಗುತ್ತದೆ, ಟಿಪ್ ಬೋಳಾಗೇ ಉಳಿಯುತ್ತದೆ. ಬಣ್ಣ ಬಳಿಯುವ ಹಾಗೆ ಅಂಚಿನಿಂದ ಅಂಚಿಗೆ ಎಳೆಯಬೇಕು. ಆಮೇಲೆ ಒಗ್ಗರಣೆ ಮಿರ್ಚಿ ತಿಂದ ಕೈಯಲ್ಲಿ ಟಿಪ್ ಮುಟ್ಟಿ ನೋಡೋ ಅಭ್ಯಾಸ ಇದ್ದರೆ ಬಿಡಿ. ಎಣ್ಣೆ ಕೂತ ಚರ್ಮದ ಮೇಲೆ ಚಾಕ್ ನಿಲ್ಲುವುದಿಲ್ಲ.

ಬ್ಲ್ಯಾಕ್‌ಬಾಲ್_ಬಳ್ಳಾರಿ:
ಚಾಕ್ ಪಾಠ ಬೇಡ ಅಂದಿದ್ದೆ. ಪ್ರಶ್ನೆ ಇಷ್ಟೇ: ಮೀಡಿಯಮ್ಮಾ, ಹಾರ್ಡಾ?

ಮಾರ್ಕರ್_ಮಾಮ_ಕೊಪ್ಪಳ:
ಎರಡೂ ಅಲ್ಲ, ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ ತಮ್ಮಾ. ಫೆರುಲ್ ಬಿಳಿಯದ್ದಾ, ಹಿತ್ತಾಳೆಯದ್ದಾ?

ಬ್ಲ್ಯಾಕ್‌ಬಾಲ್_ಬಳ್ಳಾರಿ:
ಹಿತ್ತಾಳೆ. ಇಲ್ಲಿ ಎಲ್ಲರ ಹತ್ತಿರ ಇರೋದು ಅದೇ ಅಲ್ವಾ? ಆಡೋದು ಪೂಲ್ ಟೇಬಲ್ ಮೇಲೆ.

ಮಾರ್ಕರ್_ಮಾಮ_ಕೊಪ್ಪಳ:
ಅದನ್ನು ಮೊದಲೇ ಹೇಳಬೇಕಿತ್ತು. ನಿಮ್ಮದು ಸ್ನೂಕರ್ ಕ್ಯೂ. ಟಿಪ್ 9.5ರಿಂದ 10 ಎಂಎಂ. ಪೂಲ್ ಕ್ಯೂ 12ರಿಂದ 13 ಎಂಎಂ ಇರುತ್ತದೆ. ಸ್ನೂಕರ್ ಬಾಲ್ 52.5 ಎಂಎಂ, ಪೂಲ್ ಬಾಲ್ 57 ಎಂಎಂ, ತೂಕವೂ ಜಾಸ್ತಿ. ಸಣ್ಣ ಸಾಫ್ಟ್ ಟಿಪ್‌ನಿಂದ ದಿನಾ ಭಾರದ ಬಾಲ್ ಹೊಡೆದರೆ ಬೇಗ ಚಪ್ಪಟೆ ಆಗುತ್ತದೆ. ಈಗ ಟಿಪ್ಪನ್ನು ಪಕ್ಕದಿಂದ ನೋಡಿ. ಗುಮ್ಮಟದ ಥರ ಇದೆಯಾ, ಮೇಲೆ ಚಪ್ಪಟೆ ಇದೆಯಾ?

ಪವರ್_ಬ್ರೇಕ್_ರಾಯಚೂರು:
ಅಲ್ಲಿಗೆ ಬಂತಲ್ಲ. ಚಪ್ಪಟೆ ಆಗೋದು ಸಾಫ್ಟ್ ಆಗಿರೋದಕ್ಕೇ. ಹಾರ್ಡ್ ಹಾಕಿಸಿ.

ಕಾರ್ಬನ್_ಬಾಸ್:
ಸ್ನೂಕರ್ ಕ್ಯೂನಲ್ಲಿ ಪೂಲ್ ಆಡೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬ್ರೇಕ್ ಹೊಡೆದು ಹೊಡೆದು ಹಿತ್ತಾಳೆ ಫೆರುಲ್ ಸಡಿಲ ಆಗುತ್ತದೆ.

ಸಾಫ್ಟ್_ಟಚ್:
ಎಲ್ಲರ ಹತ್ತಿರ ಕಾರ್ಬನ್ ದುಡ್ಡು ಇರಲ್ಲ ಬಾಸ್. ಸ್ನೂಕರ್ ಕ್ಯೂ ಹಿಡಿದೇ ನಮ್ಮ ಕಡೆ ಎಲ್ಲರೂ ಕಲಿತಿದ್ದು.

ಬ್ಲ್ಯಾಕ್‌ಬಾಲ್_ಬಳ್ಳಾರಿ:
ಮೇಲೆ ಚಪ್ಪಟೆ, ಅಂಚು ಮಾತ್ರ ಚೂರು ದುಂಡಗಿದೆ. ನಡುವೆ ಹೊಳೆಯುತ್ತಿದೆ. ಅಂಗಡಿಯಿಂದ ಬಂದಾಗಲೂ ಹೀಗೇ ಇತ್ತು.

ಮಾರ್ಕರ್_ಮಾಮ_ಕೊಪ್ಪಳ:
ನಿಮ್ಮ ಕಳ್ಳ ಸಿಕ್ಕ. ಚಪ್ಪಟೆ ಟಿಪ್‌ನಲ್ಲಿ ನಡುವೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ, ಕೆಳಗೆ ಪಕ್ಕಕ್ಕೆ ಹೋದಾಗ ಬರೀ ಅಂಚು ತಾಗುತ್ತದೆ. ಹೊಳೆಯೋ ಜಾಗದಲ್ಲಿ ಚಾಕ್ ಕೂರುವುದಿಲ್ಲ. ಮರಳು ಕಾಗದ ತೆಗೆದುಕೊಳ್ಳಿ, ಮೇಲಿನಿಂದ ಫೆರುಲ್ ಕಡೆಗೆ ಮಾತ್ರ ಎಳೆಯಿರಿ, ಹಿಂದೆ ಮುಂದೆ ಉಜ್ಜಬೇಡಿ. ಅಮೆರಿಕದವರು ನಿಕಲ್, ಡೈಮ್ ಅಂತ ಅವರ ನಾಣ್ಯದ ದುಂಡು ಹೇಳುತ್ತಾರೆ. ನಿಕಲ್ 21 ಎಂಎಂ ಅಗಲ, ಡೈಮ್ 18. ನಮ್ಮ 2011ರ ಸರಣಿಯ 1 ರೂಪಾಯಿ ನಾಣ್ಯ 22 ಎಂಎಂ, ನಿಕಲ್‌ಗೆ ಹತ್ತಿರ. ನಾಣ್ಯವನ್ನು ಟಿಪ್ ಹಿಂದೆ ಹಿಡಿದು ಎರಡರ ಅಂಚೂ ಹೊಂದುತ್ತದಾ ನೋಡಿ. 10 ಎಂಎಂ ಟಿಪ್‌ಗೆ ಇನ್ನೂ ಸ್ವಲ್ಪ ದುಂಡಗಿದ್ದರೂ ನಡೆಯುತ್ತದೆ.

ಲೆಕ್ಕದ_ಮೇಷ್ಟ್ರು:
ಇದಕ್ಕೊಂದು ಪರೀಕ್ಷೆ ಸೇರಿಸುತ್ತೇನೆ. ವೈಟ್ ಬದಲು ಪಟ್ಟೆ ಬಾಲ್ ಇಟ್ಟು ಹೊಡೆಯಿರಿ. ಸ್ಕ್ರೂಗೆ ಪಟ್ಟೆ ಅಡ್ಡ, ಸೈಡ್‌ಗೆ ಪಟ್ಟೆ ನೆಟ್ಟಗೆ. ಪಟ್ಟೆಯ ಅಂಚು ಹೆಚ್ಚುಕಮ್ಮಿ ಬಾಲಿನ ನಡುವಿನಿಂದ ಅರ್ಧ ತ್ರಿಜ್ಯ ದೂರದಲ್ಲಿರುತ್ತದೆ, ಮಿಸ್‌ಕ್ಯೂ ಗಡಿಯೂ ಅಲ್ಲೇ. ಹೊಡೆದ ಮೇಲೆ ಬಾಲ್ ಮೇಲಿನ ಚಾಕ್ ಗುರುತು ನೋಡಿ. ಗುರುತು ಪಟ್ಟೆ ದಾಟಿದ್ದರೆ ಯಾವ ಟಿಪ್ ಹಾಕಿದರೂ ಜಾರುತ್ತದೆ.

ಬ್ಲ್ಯಾಕ್‌ಬಾಲ್_ಬಳ್ಳಾರಿ:
ರೂಪಾಯಿ ನಾಣ್ಯ ಇಟ್ಟು ಶೇಪ್ ಮಾಡಿದೆ. ಸ್ಕ್ರೂ ಈಗ ಪರವಾಗಿಲ್ಲ. ಆದರೆ ಎಡ ಸೈಡ್ ಕೊಟ್ಟರೆ ಇನ್ನೂ ಜಾರುತ್ತಿದೆ. ಚಾಕ್ ಗುರುತು ಪಟ್ಟೆ ಒಳಗೇ ಇದೆ. ಬಲಕ್ಕೆ ಸರಿ ಇದೆ. ಎಡಕ್ಕೆ ಮಾತ್ರ.

ಚಾಕ್_ಪುಡಿ:
ಎಡಕ್ಕೆ ಹೊಡೆಯುವಾಗ ಬ್ರಿಡ್ಜ್ ಕೈ (ಕ್ಯೂಗೆ ಆಸರೆ ಕೊಡೋ ಮುಂದಿನ ಕೈ) ಅಲುಗುತ್ತಿರಬೇಕು. ನನಗೂ ಹಾಗೇ ಇತ್ತು.

ಮಾರ್ಕರ್_ಮಾಮ_ಕೊಪ್ಪಳ:
ಊಹೆ ಯಾಕೆ? ಕ್ಯೂ ಕೈಯಲ್ಲೇ ಅರ್ಧ ಸುತ್ತು ತಿರುಗಿಸಿ ಹೊಡೆಯಿರಿ. ಮಿಸ್‌ಕ್ಯೂ ಬಲಕ್ಕೆ ಬಂದರೆ ದೋಷ ಟಿಪ್‌ನದ್ದು. ಎಡಕ್ಕೇ ಉಳಿದರೆ ಕೈಯದ್ದು.

ಸಾಫ್ಟ್_ಟಚ್:
ಮಾಮ, ಆ್ಯಶ್ ಮರದ ಕ್ಯೂ ಆದರೆ ಮರದಲ್ಲಿ ಕಾಣೋ ಬಾಣದಂಥ ಗೆರೆ ಮೇಲ್ಗಡೆ ಇರಬೇಕು. ಬುಡದ ಚಪ್ಪಟೆ ಭಾಗವೂ ಒಂದೇ ಕಡೆ ಇರಬೇಕು. ತಿರುಗಿಸಿ ಆಡಬಾರದು.

ಮಾರ್ಕರ್_ಮಾಮ_ಕೊಪ್ಪಳ:
ಮ್ಯಾಚ್‌ನಲ್ಲಿ ತಿರುಗಿಸಿ ಅಂದೆನಾ? ಪರೀಕ್ಷೆಗೆ ಒಂದೆರಡು ಶಾಟ್. ದಿನಾ ಒಂದೇ ಕಡೆ ಹಿಡಿದು ಆಡೋದರಿಂದಲೇ ಟಿಪ್ ಒಂದು ಬದಿ ಜಾಸ್ತಿ ಒತ್ತಿರುತ್ತದೆ, ಅಂಟು ಓರೆಯಾಗಿ ಕೂತಿದ್ದರೂ ಅದೇ ಬದಿಗೆ ಕಾಣಿಸುತ್ತದೆ.

ಬ್ಲ್ಯಾಕ್‌ಬಾಲ್_ಬಳ್ಳಾರಿ:
ತಿರುಗಿಸಿದೆ. ಈಗ ಬಲಕ್ಕೆ ಜಾರುತ್ತಿದೆ. ಉಗುರಿಂದ ಒತ್ತಿ ನೋಡಿದೆ, ಆ ಬದಿ ಮೆತ್ತಗಿದೆ, ಇನ್ನೊಂದು ಬದಿ ಗಟ್ಟಿ. ಸಿಂಗಲ್ ಪೀಸ್ ಟಿಪ್ ಅಂತೆ, ಅಂಗಡಿಯವನನ್ನು ಈಗ ಕೇಳಿದೆ. ಇದನ್ನು ಕಿತ್ತು ಬೇರೆ ಹಾಕಿಸೋದೇ ಸರೀನಾ?

ಮಾರ್ಕರ್_ಮಾಮ_ಕೊಪ್ಪಳ:
ಹೌದು, ಕಿತ್ತುಹಾಕಿ. ಸಿಂಗಲ್ ಪೀಸ್‌ನಲ್ಲಿ 50ರ ಡಬ್ಬಿ ತೆಗೆದರೆ ಒಂದರ ಹಾಗೆ ಇನ್ನೊಂದು ಇರಲ್ಲ. ಅಂಗಡಿಯಲ್ಲೇ ಒಂದೊಂದಾಗಿ ಗ್ರಾನೈಟ್ ಮೇಲೆ ಬೀಳಿಸಿ ಕೇಳಿ. ಮಂದ ಸದ್ದು ಬಂದದ್ದು ಮೆತ್ತಗೆ, 'ಟಣ್' ಅಂದದ್ದು ಗಟ್ಟಿ. ನಡುವಿನದ್ದು ಆರಿಸಿ. ಭಾನುವಾರದ ಮ್ಯಾಚ್‌ಗೆ ಮಾತ್ರ ಹೊಸ ಟಿಪ್ ಬೇಡ, ಕೈ ಕೂರೋಕೆ ಟೈಮ್ ಬೇಕು. ಬೇರೆ ಕ್ಯೂ ಕಡ ತೆಗೆದುಕೊಳ್ಳಿ.

ಪವರ್_ಬ್ರೇಕ್_ರಾಯಚೂರು:
ಗಟ್ಟಿದ್ದನ್ನೇ ಆರಿಸಿ ಅಂತ ಮೊದಲ ದಿನವೇ ಹೇಳಿದ್ದೆ.

ಲೆಕ್ಕದ_ಮೇಷ್ಟ್ರು:
ನೀವು ಇಡೀ ಚರ್ಚೆ ಓದಿದ್ದೀರಾ?

ಹೊಸ_ಸದಸ್ಯ_ಗಂಗಾವತಿ:
ಮಧ್ಯೆ ಬಂದೆ, ಬೇಸರ ಬೇಡ. ಕಾರ್ಬನ್ ಬಾಸ್, ನಿಮ್ಮ ಹಳೆಯ ಮರದ ಶಾಫ್ಟ್ ಏನು ಮಾಡಿದಿರಿ? ಮಾರುವುದಿದ್ದರೆ ಹೇಳಿ. 13 ಎಂಎಂ ಆದರೆ ಸಾಕು, ಟಿಪ್ ಇಲ್ಲದಿದ್ದರೂ ಪರವಾಗಿಲ್ಲ.