ಪದಚರ್ಚೆ: ಬ್ರಿಜ್ ಆಟದ ‘ಫಾಲ್ಸ್ ಕಾರ್ಡ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಬ್ರಿಜ್ ಕಲಿಯುವವರಿಗಾಗಿ ಕನ್ನಡದಲ್ಲಿ ಪಾಠಗಳನ್ನು ಬರೆಯುತ್ತಿದ್ದೇವೆ. ಎಕ್ಕ, ರಾಜ, ರಾಣಿ, ಗುಲಾಮ, ಇಸ್ಪೀಟು, ಆಟೀನು, ತುರುಫು ಎಲ್ಲವೂ ಊರಿನ ಆಟಗಳಿಂದಲೇ ಸಿಕ್ಕವು. ಮೇಜಿನ ಮೇಲೆ ತೆರೆದಿಡುವ ಕೈಯಾದ ಡಮ್ಮಿಗಂತೂ ಅನುವಾದವೇ ಬೇಡ. ತೊಡಕಾಗಿರುವುದು ‘ಫಾಲ್ಸ್ ಕಾರ್ಡ್’. ಆಟಗಾರ ಎದುರಾಳಿಯ ಲೆಕ್ಕ ತಪ್ಪಿಸಲೆಂದೇ ಆರಿಸಿ ಹಾಕುವ ಎಲೆ ಅದು. ‘ಮೋಸದ ಎಲೆ’ ಎಂದು ಒಬ್ಬರು, ‘ಹುಸಿ ಎಲೆ’ ಎಂದು ಇನ್ನೊಬ್ಬರು ಸೂಚಿಸಿದ್ದಾರೆ. ಯಾವುದು ಸರಿ?

ಉತ್ತರ: ‘ಮೋಸ’ವನ್ನು ಮೊದಲೇ ಬಿಟ್ಟುಬಿಡಿ. ಡೂಪ್ಲಿಕೇಟ್ ಬ್ರಿಜ್ ನಿಯಮಾವಳಿಯ 73ನೇ ನಿಯಮ ಇಲ್ಲೊಂದು ಗೆರೆ ಎಳೆದಿದೆ. ಹಾಕಿದ ಎಲೆಯಿಂದಲೋ ಕೂಗಿದ ಬಿಡ್ಡಿನಿಂದಲೋ ಎದುರಾಳಿಯನ್ನು ದಾರಿ ತಪ್ಪಿಸಬಹುದು, ಜೊತೆಗಾರನೊಂದಿಗೆ ಗುಟ್ಟಿನ ಒಪ್ಪಂದ ಇರಬಾರದು ಅಷ್ಟೆ. ಆದರೆ ಕೈಯಲ್ಲಿ ಒಂದೇ ಎಲೆ ಇದ್ದಾಗ ಯೋಚಿಸುವವರ ಹಾಗೆ ತಡಮಾಡುವುದು, ಮಾತಲ್ಲಿ ಅಥವಾ ಮುಖಭಾವದಲ್ಲಿ ದಾರಿ ತಪ್ಪಿಸುವುದು ನಿಷಿದ್ಧ. ಕನ್ನಡದ ‘ಮೋಸ’, ‘ಕಳ್ಳಾಟ’ ಎರಡೂ ಈ ಎರಡನೆಯದಕ್ಕೆ ಸಲ್ಲುವ ಮಾತು.

‘ಹುಸಿ’ಯ ತೊಂದರೆ ಬೇರೆ. ಹುಸಿ ಬಾಂಬ್ ಕರೆ ಬಂದರೆ ಅಲ್ಲಿ ಬಾಂಬೇ ಇರುವುದಿಲ್ಲ. ಇಲ್ಲಿ ಆರು ಆರೇ, ರಾಜ ರಾಜನೇ. ಎಲೆಯಲ್ಲಿ ಸುಳ್ಳಿಲ್ಲ, ಅದರ ಹಿಂದೆ ಏನಿದೆ ಏನಿಲ್ಲ ಎಂದು ಎದುರಾಳಿ ಹಾಕುವ ಲೆಕ್ಕ ಮಾತ್ರ ತಪ್ಪುತ್ತದೆ. ನನ್ನ ಮತ ‘ಸೋಗಿನ ಎಲೆ’ಗೆ. ಒಂದು ಕೈ ನೋಡಿ.

ತುರುಫಿಲ್ಲದ ಆಟ. ಇಸ್ಪೀಟಿನಲ್ಲಿ ಡಮ್ಮಿಯ ಬಳಿ 6 4, ಡಿಕ್ಲೇರರ್ (ತನ್ನ ಕೈಯನ್ನೂ ಡಮ್ಮಿಯ ಕೈಯನ್ನೂ ಆಡುವವನು) ಬಳಿ ರಾಜ ರಾಣಿ 3. ಪೂರ್ವ, ಪಶ್ಚಿಮದವರು ಎದುರಾಳಿ ಜೋಡಿ. ಪಶ್ಚಿಮದವನು ಎಕ್ಕ 10 8 5 2 ಹಿಡಿದು, ಮೇಲಿನಿಂದ ನಾಲ್ಕನೆಯದಾದ 5 ಬಿಡುತ್ತಾನೆ, ಅಂದರೆ ಸುತ್ತಿನ ಮೊದಲ ಎಲೆಯಾಗಿ ಆಡುತ್ತಾನೆ. ಪೂರ್ವದವನು ಗುಲಾಮ ಹಾಕುತ್ತಾನೆ. ಹೊಸಬರು ‘ರಾಜನನ್ನು ಉಳಿಸಿಕೊಳ್ಳೋಣ’ ಎಂದು ರಾಣಿಯಲ್ಲಿ ಗೆಲ್ಲುತ್ತಾರೆ. ಅಲ್ಲೇ ಗುಟ್ಟು ರಟ್ಟಾಯಿತು: ಪೂರ್ವದವನ ಬಳಿ ರಾಜ ಇದ್ದಿದ್ದರೆ ಗುಲಾಮನ ಬದಲು ರಾಜನನ್ನೇ ಹಾಕುತ್ತಿದ್ದ, ಆದ್ದರಿಂದ ರಾಜ ಡಿಕ್ಲೇರರ್ ಬಳಿಯೇ ಇದೆ. ಪಶ್ಚಿಮದವನು ಮುಂದೆ ಕೈಗೆ ಆಟ ಬಂದಾಗ ಬೇರೆ ಜಾತಿಗೆ ಹೋಗುತ್ತಾನೆ. ರಾಜನಲ್ಲಿ ಗೆದ್ದರೆ ಹಾಗಲ್ಲ. ರಾಣಿ ಗುಲಾಮ ಎರಡೂ ಇರುವವನು ಮೂರನೆಯ ಕೈಯಲ್ಲಿ ಹಾಕುವುದು ಗುಲಾಮನನ್ನೇ, ಹಾಗಾಗಿ ರಾಣಿ ಪೂರ್ವದಲ್ಲಿರಬಹುದೆಂಬ ಆಸೆ ಉಳಿಯುತ್ತದೆ. ಪಶ್ಚಿಮದವನು ಮತ್ತೆ ಇಸ್ಪೀಟಿನ ಚಿಕ್ಕ ಎಲೆಯನ್ನೇ ಬಿಡುತ್ತಾನೆ. ನಿಮ್ಮ ದುರ್ಬಲ ಜಾತಿ ಬಚಾವ್. ರಾಜ ಇಲ್ಲಿ ರಾಣಿ ಜೊತೆಗಿಲ್ಲದವನ ಸೋಗು ಹಾಕಿದ್ದಾನೆ.

ಚಿಕ್ಕ ಎಲೆಗಳಿಗೂ ಈ ಮಾತು ಒಪ್ಪುತ್ತದೆ. ಈ ಸಲ ತುರುಫಿರುವ ಆಟ. ಆಟೀನಿನಲ್ಲಿ ಡಮ್ಮಿ 9 7 5, ಡಿಕ್ಲೇರರ್ ರಾಣಿ 6 2, ಪಶ್ಚಿಮ ಎಕ್ಕ ರಾಜ 10 4, ಪೂರ್ವ ಗುಲಾಮ 8 3. ಪಶ್ಚಿಮದವನು ಎಕ್ಕ ಬಿಟ್ಟ, ಪೂರ್ವದವನು ಜೊತೆಗಾರನಿಗೆ ‘ಈ ಜಾತಿ ಬೇಡ’ ಎಂಬ ಸಂಕೇತವಾಗಿ ಚಿಕ್ಕ ಎಲೆ 3 ಹಾಕಿದ. ನೀವು 2 ಹಾಕಿದರೆ 3 ಅತಿ ಚಿಕ್ಕದೆಂದು ಗೊತ್ತಾಗಿ ಆ ಜಾತಿ ನಿಲ್ಲುತ್ತದೆ. 6 ಹಾಕಿ 2 ಅನ್ನು ಮರೆಸಿದರೆ 3 ಹಾಕಿದವನ ಬಳಿ 2 ಇದೆಯೇನೋ, ಮೂರನೆಯ ಸುತ್ತಿಗೆ ತುರುಫು ಹೊಡೆಯುತ್ತಾನೇನೋ ಎಂದು ಪಶ್ಚಿಮದವನು ರಾಜನನ್ನೂ ಬಿಟ್ಟು, ಮತ್ತೊಂದನ್ನೂ ಬಿಡಬಹುದು. ರಾಣಿಗೆ ಒಂದು ಟ್ರಿಕ್ (ಒಂದು ಸುತ್ತಿನ ಗೆಲುವು) ಸಿಕ್ಕಿತು. ಎದುರಾಳಿ ಆ ಜಾತಿಯನ್ನು ಮುಂದುವರಿಸಲಿ ಎಂದು ನಿಮಗಿದ್ದರೆ ದೊಡ್ಡದು ಹಾಕಿ, ನಿಲ್ಲಿಸಲಿ ಎಂದಿದ್ದರೆ ಚಿಕ್ಕದು. ಎದುರಾಳಿಗಳದು ತಿರುವುಮುರುವು ಸಂಕೇತವಾದರೆ, ಅಂದರೆ ಅವರಲ್ಲಿ ಚಿಕ್ಕ ಎಲೆಯೇ ‘ಬೇಕು’ ಎನ್ನುವುದಾದರೆ, ಇದನ್ನೂ ತಿರುಗಿಸಿಕೊಳ್ಳಬೇಕು. ಆಟಕ್ಕೆ ಮುಂಚೆ ಅವರ ಸಂಕೇತ ಯಾವುದೆಂದು ಕೇಳದೆ 6 ಹಾಕಿದವರೇ ಹೆಚ್ಚು ಸಲ ಕೈಸುಟ್ಟುಕೊಳ್ಳುವುದು.

ಇನ್ನೊಂದು ಬಗೆಗೆ ‘ಸೋಗು’ ಹೊಂದದು. ಡಮ್ಮಿ ಗುಲಾಮ 9 7 5, ನಿಮ್ಮ ಕೈ ಎಕ್ಕ ರಾಜ 10 4 3, ಹೊರಗೆ ರಾಣಿ 8 6 2. ಡಮ್ಮಿಯಿಂದ ಗುಲಾಮನನ್ನು ಬಿಡಿ. ಪೂರ್ವದವನು ರಾಣಿ 8 6 ಹಿಡಿದು ಆಸೆಬಿದ್ದು ರಾಣಿ ಹಾಕಿದರೆ ಐದೂ ಟ್ರಿಕ್ ನಿಮ್ಮದು. ಅವನು ತಡವಿಲ್ಲದೆ 6 ಹಾಕಿದರೆ ಎಕ್ಕ ಹೊಡೆದು, ಮುಂದಿನ ಸುತ್ತಿಗೆ ರಾಜ. ಗುಲಾಮನನ್ನು ಓಡಿಸುವ, ಅಂದರೆ ಕೈಯಿಂದ ಚಿಕ್ಕ ಎಲೆ ಹಾಕಿ ಗುಲಾಮನಿಂದಲೇ ಗೆಲ್ಲಲು ನೋಡುವ ಉದ್ದೇಶ ನಿಮಗೆ ಮೊದಲಿನಿಂದಲೂ ಇರಲಿಲ್ಲ. ಇಲ್ಲಿ ಮರೆಸಿದ್ದೇನಿಲ್ಲ, ಎಲೆಯನ್ನು ಎಲ್ಲರೆದುರು ತೂಗುಬಿಟ್ಟದ್ದು. ಇದಕ್ಕೆ ‘ಗಾಳದ ಎಲೆ’ ಎನ್ನಿ. ‘ಗಾಳ ಹಾಕಿದ, ಕಚ್ಚಿದ’ ಎಂದು ಕ್ರಿಯಾಪದವೂ ತಾನಾಗಿ ಒದಗುತ್ತದೆ.

ಮತ್ತೊಬ್ಬರ ಟಿಪ್ಪಣಿ: ‘ಗಾಳದ ಎಲೆ’ ಒಪ್ಪಿಗೆ, ಆದರೆ ಪಾಠದಲ್ಲಿ ಎಚ್ಚರಿಕೆಯೂ ಇರಲಿ. ಒಂಬತ್ತು ಎಲೆ ಕೂಡಿದಾಗ ಈ ಗಾಳಕ್ಕೆ ಖರ್ಚಿಲ್ಲ. ಎಂಟೇ ಇದ್ದು 9 ಹೊರಗಿದ್ದರೆ ಇದೆ. ಡಮ್ಮಿ ಗುಲಾಮ 7 5, ಕೈ ಎಕ್ಕ ರಾಜ 10 4 3. ಪೂರ್ವದಲ್ಲಿ ಒಂಟಿ ರಾಣಿ, ಪಶ್ಚಿಮದಲ್ಲಿ 9 8 6 2. ಗುಲಾಮನನ್ನು ಬಿಟ್ಟರೆ ರಾಣಿ, ಎಕ್ಕ ಎರಡೂ ಅದೇ ಟ್ರಿಕ್ಕಿಗೆ ಹೋಗುತ್ತವೆ. ಆಮೇಲೆ ರಾಜ, 10 ಆಡಿದರೂ ಪಶ್ಚಿಮದ 9 ಉಳಿದು ಒಂದು ಟ್ರಿಕ್ ಗೆಲ್ಲುತ್ತದೆ. ಮೊದಲು ಎಕ್ಕ ಹೊಡೆದಿದ್ದರೆ ರಾಣಿ ಉದುರಿ, ಗುಲಾಮ, ರಾಜ, 10 ಮೂರೂ ಉಳಿಯುತ್ತಿದ್ದವು. ಹಾಗೆಯೇ ಪೂರ್ವದವನು ತಡವರಿಸಿದ್ದನ್ನು ನೋಡಿ ನೀವು ಎಕ್ಕ ಹಾಕದೆ ಗುಲಾಮನನ್ನು ಓಡಿಸಿದರೆ ಅದು ನಿಮ್ಮ ಹೊಣೆ. ಅವನಿಗೆ ನಿಜವಾಗಿಯೂ ಯೋಚಿಸಲು ಕಾರಣವಿದ್ದರೆ ಪರಿಹಾರ ಸಿಗುವುದಿಲ್ಲ.