ಪಂಪು 5 ಮೀಟರಿಗೆ ಏರಿಸಿದರೂ ಕೊನೆಯ ರೇಡಿಯೇಟರ್ ಬಿಸಿಯಾಗುತ್ತಿಲ್ಲ, ರಾತ್ರಿ ಸಿಳ್ಳೆ ಬೇರೆ

ಬವೇರಿಯಾದಲ್ಲಿ_ಬೆಚ್ಚಗೆ:
ಮ್ಯೂನಿಕ್ ಹತ್ತಿರದ ಎರಡಂತಸ್ತಿನ ಮನೆ. ಗ್ಯಾಸಿನ ಕಂಡೆನ್ಸಿಂಗ್ ಬಾಯ್ಲರ್, ಅದರ ಮುಂದೆ ಹೈಡ್ರಾಲಿಕ್ ಸಪರೇಟರ್ (ಬಾಯ್ಲರ್ ಕಡೆಯ ಮತ್ತು ರೇಡಿಯೇಟರ್ ಕಡೆಯ ಹರಿವನ್ನು ಬೇರ್ಪಡಿಸುವ ದಪ್ಪ ಕೊಳವೆ), ಅಲ್ಲಿಂದ ಎರಡು ಪೈಪಿನ ಲೈನಿನಲ್ಲಿ 9 ರೇಡಿಯೇಟರ್. ಎಲ್ಲಕ್ಕೂ ಥರ್ಮೋಸ್ಟಾಟ್ ವಾಲ್ವ್ ಇದೆ. ಲೋಡ್ 10 ಕಿಲೋವ್ಯಾಟ್, ಲೆಕ್ಕ 70/50 ಡಿಗ್ರಿಗೆ (ಹೋಗುವ/ಮರಳುವ ನೀರು). ಸಪರೇಟರ್ ಆಚೆಗಿನ ಪಂಪು 25-60 (ಗರಿಷ್ಠ 6 ಮೀಟರ್ ಒತ್ತಡದ್ದು), ಸ್ಥಿರ ಒತ್ತಡದ ಮೋಡಿನಲ್ಲಿ 5 ಮೀಟರ್. ರಾತ್ರಿ ವಾಲ್ವುಗಳು ಮುಚ್ಚಿಕೊಂಡಾಗ ಸಿಳ್ಳೆ. ಮೇಲಿನ ಕೊನೆಯ ರೇಡಿಯೇಟರ್ ಉಗುರುಬೆಚ್ಚಗೆ ಮಾತ್ರ. ಅದಕ್ಕಾಗಿಯೇ 3ರಿಂದ 5ಕ್ಕೆ ಏರಿಸಿದ್ದು. ಏರಿಸಿದ ಮೇಲೆ ಉಳಿದವೂ ಸ್ವಲ್ಪ ತಣ್ಣಗಾಗಿವೆ! ಯಾವ ಮೋಡು, ಎಷ್ಟು ಮೀಟರ್ ಇಡಬೇಕು?

ಕೊಳಾಯಿ_ಲೆಕ್ಕ:
ಮೊದಲು ಹರಿವು: 10 ಕಿಲೋವ್ಯಾಟ್ × 860 (ಒಂದು ಕಿಲೋವ್ಯಾಟ್ ಎಂದರೆ ಗಂಟೆಗೆ 860 ಕಿಲೋಕ್ಯಾಲರಿ) ÷ 20 ಡಿಗ್ರಿ ಅಂತರ = ಗಂಟೆಗೆ 430 ಲೀಟರ್. ಈಗ ಹೆಡ್, ಅಂದರೆ ಪಂಪು ಕೊಡಬೇಕಾದ ಒತ್ತಡ, ನೀರಿನ ಎತ್ತರದ ಮೀಟರಿನಲ್ಲಿ. ಅತಿ ದೂರದ ರೇಡಿಯೇಟರಿಗೆ ಹೋಗಿ ಬರುವ ಪೈಪು 40 ಮೀಟರ್ ಎಂದುಕೊಳ್ಳಿ. ಮೀಟರಿಗೆ 100 ಪಾಸ್ಕಲ್‌ನಂತೆ 4 ಕಿಲೋಪಾಸ್ಕಲ್, ಬೆಂಡು-ಟೀಗಳಿಗೆ ಅರ್ಧ ಸೇರಿಸಿ 6, ಥರ್ಮೋಸ್ಟಾಟ್ ವಾಲ್ವಿಗೆ 10. ಒಟ್ಟು 16, ಅಂದರೆ ಸುಮಾರು 1.6 ಮೀಟರ್. ನೀವು ಕೊಡುತ್ತಿರುವುದು ಅದರ ಮೂರು ಪಟ್ಟು. 5 ಮೀಟರ್ ಎಂದರೆ ಹತ್ತಿರಹತ್ತಿರ 0.5 ಬಾರ್. ಈ ವಾಲ್ವುಗಳು 0.2 ಬಾರ್ ದಾಟಿದರೆ ಸಿಳ್ಳೆ ಹೊಡೆಯುತ್ತವೆ. ಸ್ಥಿರ ಒತ್ತಡದಲ್ಲಿ ಹರಿವು ಇಳಿದರೂ ಹೆಡ್ ಇಳಿಯುವುದಿಲ್ಲ, ಪೈಪಿನಲ್ಲಿ ಕಳೆಯಬೇಕಾದ ಒತ್ತಡವೂ ವಾಲ್ವಿನ ಮೇಲೆಯೇ ಬೀಳುತ್ತದೆ. ರೇಡಿಯೇಟರಿಗೆ ಅನುಪಾತ ಒತ್ತಡದ ಮೋಡು (ಹರಿವು ಇಳಿದಂತೆ ಹೆಡ್ಡನ್ನೂ ಇಳಿಸುವುದು) ಸರಿ. 2 ಮೀಟರ್ ಇಡಿ.

ಹೆಡ್‌ಮಾಸ್ತರ್:
ಲೆಕ್ಕ ಸರಿ, ಕೊನೆಯ ಸಾಲು ಕೈಕೊಡುತ್ತದೆ. ಅನುಪಾತ ಮೋಡಿನಲ್ಲಿ ಹರಿವು ಸೊನ್ನೆ ಇದ್ದಾಗ ಸಾಮಾನ್ಯವಾಗಿ ಇಟ್ಟದ್ದರ ಅರ್ಧ ಹೆಡ್ ಸಿಗುತ್ತದೆ. ಪೂರ್ತಿ ಸಿಗುವುದು ಪಂಪಿನ ನಕ್ಷೆಯಲ್ಲಿ ಗರಿಷ್ಠ ವೇಗದ ಗೆರೆಯನ್ನು (ಯಾವ ಹರಿವಿಗೆ ಎಷ್ಟು ಹೆಡ್ ಎಂದು ತೋರಿಸುವುದು) ಮುಟ್ಟುವ ಹರಿವಿನಲ್ಲಿ. 25-60ಕ್ಕೆ ಅದು ಗಂಟೆಗೆ 2 ಸಾವಿರ ಲೀಟರಿನ ಆಸುಪಾಸು. ನಿಮಗೆ ಬೇಕಿರುವುದು 430. ಹಾಗಾಗಿ 2 ಇಟ್ಟರೆ ಸಿಗುವುದು 1.2 ಚಿಲ್ಲರೆ. ದೊಡ್ಡ ಪಂಪಿಗೆ ಸಣ್ಣ ಮನೆ ಕೊಟ್ಟರೆ ಹೀಗೇ ಆಗುವುದು. ಒಂದೋ ಅನುಪಾತದಲ್ಲಿ 2.6 ಇಡಿ, ಇಲ್ಲವೇ ಸ್ಥಿರದಲ್ಲಿ 1.6. ಈ ಮನೆಯ ಮಟ್ಟಿಗೆ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಎಲ್ಲವೂ ತಣ್ಣಗಾದದ್ದಕ್ಕೆ ಕಾರಣ ಸಪರೇಟರ್. ರೇಡಿಯೇಟರ್ ಕಡೆಯ ಹರಿವು ಬಾಯ್ಲರ್ ಕಡೆಯದಕ್ಕಿಂತ ಹೆಚ್ಚಾದರೆ ರಿಟರ್ನ್ ನೀರು ಅದರೊಳಗೇ ಮೇಲೆ ಹತ್ತಿ ಬಿಸಿನೀರಿಗೆ ಬೆರೆಯುತ್ತದೆ. ನಾಲ್ಕೂ ಬಾಯಿಗಳ ಉಷ್ಣತೆ ಅಳೆಯಿರಿ: ಬಾಯ್ಲರಿನಿಂದ 70 ಬಂದು ರೇಡಿಯೇಟರಿಗೆ 62 ಹೋಗುತ್ತಿದ್ದರೆ ಅದೇ. ಪಂಪು ತೀರಾ ಇಳಿಸಿದರೆ ಉಲ್ಟಾ: ಬಿಸಿನೀರು ನೇರ ಬಾಯ್ಲರಿಗೆ ಮರಳುತ್ತದೆ, ರಿಟರ್ನ್ 55 ದಾಟಿದರೆ ಕಂಡೆನ್ಸಿಂಗ್ (ಹೊಗೆಯಲ್ಲಿನ ಆವಿ ನೀರಾಗಿ ಶಾಖ ಬಿಟ್ಟುಕೊಡುವುದು) ನಿಂತಂತೆಯೇ.

ಬವೇರಿಯಾದಲ್ಲಿ_ಬೆಚ್ಚಗೆ:
ಅಳೆದೆ. 68 ಬಂದು 60 ಹೋಗುತ್ತಿದೆ. ಸ್ಥಿರ 1.6 ಇಟ್ಟೆ, ಸಿಳ್ಳೆ ನಿಂತಿತು, ಈಗ 67 ಹೋಗುತ್ತಿದೆ. ಕೊನೆಯದು ಇನ್ನೂ ಹಾಗೇ. ಆಟೋ ಮೋಡು ಹಾಕಿ ನೋಡಲೇ?

ಕೊಳಾಯಿ_ಲೆಕ್ಕ:
2.6 ವಿಷಯ ಒಪ್ಪಿದೆ, ಗೆರೆ ನೋಡದೆ ಹೇಳಿದ್ದೆ.
ಆಟೋ ಈಗ ಬೇಡ. ಹರಿವು ಕಡಿಮೆ ಕಂಡರೆ ಅದು ಹೆಡ್ಡನ್ನೂ ಇಳಿಸುತ್ತದೆ. ಬ್ಯಾಲೆನ್ಸ್ ಆಗದ, ಅಂದರೆ ಪ್ರತಿ ರೇಡಿಯೇಟರಿಗೂ ಬೇಕಾದಷ್ಟೇ ನೀರು ಹಂಚಿಕೆಯಾಗದ ಲೈನಿನಲ್ಲಿ ಮೊದಲು ಸೊರಗುವುದು ಕೊನೆಯದೇ. ಪಂಪು ನಿಲ್ಲಿಸಿ ಆ ರೇಡಿಯೇಟರಿನ ಗಾಳಿ ಬಿಡಿ, ತಣ್ಣಗಿದ್ದಾಗ ಒತ್ತಡ 1.5 ಬಾರ್‌ಗೆ ತನ್ನಿ. ಆಮೇಲೆ ಥರ್ಮೋಸ್ಟಾಟ್ ತಲೆಗಳನ್ನೆಲ್ಲ ಪೂರ್ತಿ ತೆರೆದು, ಬಾಯ್ಲರಿಗೆ ಹತ್ತಿರದ ರೇಡಿಯೇಟರಿನಿಂದ ಶುರುಮಾಡಿ ರಿಟರ್ನ್ ಕಡೆಯ ವಾಲ್ವನ್ನು ಕಾಲು ಸುತ್ತಿನಂತೆ ಮುಚ್ಚುತ್ತಾ ಬನ್ನಿ. ಪ್ರತಿ ಸಲ ಅರ್ಧ ಗಂಟೆ ಕಾಯಬೇಕು. ಎಲ್ಲದರಲ್ಲೂ ಬರುವ-ಹೋಗುವ ನೀರಿನ ಅಂತರ 15-20 ಡಿಗ್ರಿ ಇರಲಿ. ಹತ್ತಿರದವನ್ನು ಹಿಂಡಲು ಹೆದರಬೇಡಿ; ಹರಿವು ಅರ್ಧವಾದರೂ ರೇಡಿಯೇಟರ್ ಸುಮಾರು 80% ಶಾಖ ಕೊಡುತ್ತದೆ.

ಹೆಡ್‌ಮಾಸ್ತರ್:
ಗಾಳಿ ಬಿಟ್ಟಾಗ ಕಪ್ಪು ನೀರು ಬಂದರೆ ಅದು ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಕಪ್ಪು ಆಕ್ಸೈಡ್. ಈ ಪಂಪುಗಳ ರೋಟರಿನಲ್ಲಿ ಶಾಶ್ವತ ಅಯಸ್ಕಾಂತ ಇರುವುದರಿಂದ ಅಲ್ಲಿಗೇ ಹೋಗಿ ಅಂಟುತ್ತದೆ. ರಿಟರ್ನಿನಲ್ಲಿ ಅಯಸ್ಕಾಂತದ ಫಿಲ್ಟರ್ ಹಾಕಿಸಿ, ಬ್ಯಾಲೆನ್ಸ್ ಮಾಡುವ ಮೊದಲೇ.