ಬಳ್ಳಾರಿ ಬಿಸ್ಲಿಗೆ ಯಾವ ಕ್ರಿಸ್ಮಸ್ ಟ್ರೀ ತಗೋಬೇಕು?

ಕೌಲ್ ಬಜಾರ್ ಹುಡುಗ:
ಎಲ್ರಿಗೂ ನಮಸ್ಕಾರ. ಹೋದ ವರ್ಷ ನರ್ಸರೀಲಿ ಕ್ರಿಸ್ಮಸ್ ಟ್ರೀ ಅಂತ ಒಂದು ಕುಂಡದ ಗಿಡ ತಂದ್ವಿ, ಎರಡೂವರೆ ಅಡಿ, 600 ರೂಪಾಯಿ, ಹಬ್ಬದಲ್ಲಿ ಚೆನ್ನಾಗೇ ಇತ್ತು, ಆಮೇಲೆ ಮಾಳಿಗೆ ಮೇಲಿಟ್ವಿ, ಏಪ್ರಿಲ್ ಬರೋಷ್ಟ್ರಲ್ಲಿ ಕೆಳಗಿಂದ ಒಂದೊಂದೇ ರೆಂಬೆ ಕೆಂಪಗಾಗಿ ಕಡೆಗೆ ಕಸಬರಿಗೆ ಆಯ್ತು. ಈಗ ಮನೇಲಿ ಎರಡು ಪಾರ್ಟಿ. ಅಮ್ಮ ಪ್ಲಾಸ್ಟಿಕ್ ಬ್ಯಾಡವೇ ಬ್ಯಾಡ ಅಂತಾಳೆ, ನಮ್ ಮನೆಯವ್ಳು ಇನ್ನೊಂದು ಗಿಡ ಸಾಯಿಸಬ್ಯಾಡಿ ಅಂತಾಳೆ. ಬಾಡಿಗೆ ಮನೆ, ಹಾಲ್ 10ಕ್ಕೆ 12 ಅಷ್ಟೇ, ಅದ್ರಲ್ಲೇ ಯೇಸು ಹುಟ್ಟಿದ ಗೋದಲಿ ಗೊಂಬೆಗಳಿಗೂ ಜಾಗ ಬೇಕು. ಏನ್ ಮಾಡ್ಲಿ?

ಕೊಪ್ಪಳದ ಗಿಡದಾಕಿ:
ಅಣ್ಣಾರ, ನಿಮ್ಗ ಕೊಟ್ಟಿದ್ದು ಅರಾಕೇರಿಯಾ ಇರಬೇಕ್ರಿ. ನಮ್ಮ ಕಡಿ ನರ್ಸರ್ಯಾಗ ಕ್ರಿಸ್ಮಸ್ ಟ್ರೀ ಅಂದ್ರ ಅದನ್ನ ಕೊಡ್ತಾರ. ಫಾರಿನ್ ಫೋಟೋದಾಗ ಕಾಣೋ ಫರ್ ಮರ ಅಲ್ಲ ಅದು, ನಾರ್ಫೋಕ್ ಐಲ್ಯಾಂಡ್ ಪೈನ್ ಅಂತ ಹೆಸ್ರು ಐತಿ ಖರೆ, ಪೈನೂ ಅಲ್ಲ, ಆಸ್ಟ್ರೇಲಿಯಾ ಕಡೆ ಸಮುದ್ರದ ನಡುವಿನ ದ್ವೀಪದ ಗಿಡ, ಹಸಿ ಗಾಳ್ಯಾಗ ಬೆಳೆಯೋದನ್ನ ತಂದು 40 ಡಿಗ್ರಿ ಮಾಳಿಗಿ ಮ್ಯಾಲಿಟ್ರ ಇನ್ನೇನ್ ಆಕ್ಕೈತ್ರಿ! ಕೆಳಗಿನ ಟೊಂಗಿ ಒಮ್ಮೆ ಒಣಗಿದ್ರ ಅಲ್ಲಿ ತಿರುಗಿ ಚಿಗ್ರಂಗಿಲ್ಲ, ತುದಿ ಮುರದ್ರ ಆಕಾರನ ಹೋತು. ನಮ್ಮನ್ಯಾಗ ನಾಕು ವರ್ಷದ್ದೈತಿ, ಉತ್ತರದ ಕಟ್ಟಿ ಮ್ಯಾಲೆ. ಬೆಳಕು ಬೇಕು, ನೆತ್ತಿ ಬಿಸ್ಲು ಬ್ಯಾಡ. ಮಣ್ಣಾಗ ಬೆರಳಿಟ್ಟು ನೋಡಿ, ಒಣಗಿತ್ತಂದ್ರಷ್ಟ ನೀರು. ಟೊಂಗಿ ಮೆತ್ತಗಿರ್ತಾವ, ದೊಡ್ಡ ಗಂಟಿ ಗಿಂಟಿ ಕಟ್ಟಬ್ಯಾಡ್ರಿ, ಸಣ್ಣ ಎಲ್‌ಇಡಿ ಸರ ಸಾಕು. ನೆರಳಿನ ಜಾಗ ಇಲ್ಲಂದ್ರ ತರಬ್ಯಾಡ್ರಿ.

ರಾಯಚೂರು ಬಿಸ್ಲು:
ನಮ್ಮಪ್ಪ ಸರ್ವೆ ಟೊಂಗಿನೇ ತರ್ತಿದ್ದ. ಸೆಂಟ್ರಿಂಗ್‌ಗೆ ಕಟ್ಟಿಗಿ ನಿಲ್ಲಸ್ತಾರಲ, ಅದೇ ಸರ್ವೆ. ತೋಟದವ್ರಿಗೆ ಕೇಳಿ ನಾಕು ಅಡಿ ಟೊಂಗಿ ಕಡ್ಕೊಂಡು ಬಂದು ಎಣ್ಣಿ ಡಬ್ಬಿದಾಗ ಉಸುಕು ತುಂಬಿ, ನೀರು ಹೊಡ್ದು, ನಿಲ್ಲಸೋದು, ಡಬ್ಬಿಗಿ ಬಣ್ಣದ ಕಾಗದ ಸುತ್ತೋದು ನನ್ ಕೆಲಸ. ಒಂದೇ ಮಾತು, 23ಕ್ಕೋ 24ಕ್ಕೋ ತರ್ರಿ. ನಾವೊಂದ್ಸಲ 18ಕ್ಕೆ ತಂದು ಹಬ್ಬದ ದಿನ ನೋಡಿದ್ರ ಸೂಜಿ ಸೂಜಿ ಉದುರಿ ಗೋದಲಿ ಕುರಿಗಳು ಕಾಣವಲ್ವು.

ಮೋತಿ ಸರ್ಕಲ್:
ಬಾಡಿಗೆ ಮನೆ ಅಂದ್ಮೇಲೆ ಪ್ಲಾಸ್ಟಿಕ್ಕೇ ವಾಸಿ ಬ್ರದರ್, ನಂದು ಎಂಟು ವರ್ಷ ಆಯ್ತು, ಮಡಚಿ ಅಟ್ಟದ ಮೇಲೆ ಹಾಕೋದು ಅಷ್ಟೇ. ಡಬ್ಬದ ಮೇಲಿನ ಫೋಟೋ ನಂಬಬ್ಯಾಡಿ, ಅಂಗಡೀಲೇ ಬಿಡಿಸಿ ನೋಡಿ, ನಡುವಿನ ಕಂಬಿ ಕಾಣ್ತಾ ಐತೆ ಅಂದ್ರೆ ಎಲೆ ಕಮ್ಮಿ. ಸ್ಟ್ಯಾಂಡ್ ಕಬ್ಬಿಣದ್ದೇ ಇರ್ಲಿ. ನಾಲ್ಕಡಿ ಸಾಕು, ಆರಡಿ ತಂದ್ರೆ ನಿಮ್ ಹಾಲಲ್ಲಿ ಟಿವಿ ಯಾರೂ ನೋಡಂಗಿಲ್ಲ. ವರ್ಷ ವರ್ಷ ಬಿಸಾಡೋರು ಮಾತ್ರ ತಗೋಬ್ಯಾಡಿ.

ಕೌಲ್ ಬಜಾರ್ ಹುಡುಗ:
ಎಲ್ರಿಗೂ ಥ್ಯಾಂಕ್ಸ್. ನಮ್ಮ ಮನೇಲಿ ನೆರಳು ಅಂದ್ರೆ ಬಚ್ಚಲಷ್ಟೇ, ಅರಾಕೇರಿಯಾ ಕ್ಯಾನ್ಸಲ್. ಸರ್ವೆ ಅಂದ ಕೂಡ್ಲೆ ಅಮ್ಮ ಖುಷಿ, ಗೋದಲಿ ಸುತ್ತ ಹಸಿರು ಬರ್ಲಿ ಅಂತ ಆಗ್ಲೇ ತಟ್ಟೇಲಿ ರಾಗಿ ನೆನೆ ಹಾಕಿದಾಳೆ. 15 ಕೆಜಿ ಎಣ್ಣೆ ಡಬ್ಬ ಯಾರ ಹತ್ರನಾದ್ರೂ ಖಾಲಿ ಐತಾ?